ಮಂದೆಯ ಕೂಲಿಗೆ ಬಂದ ಕಾರು

ಆ ಕಾರನ್ನು ನಾವು ಬೇಡಿ ತಂದಿದ್ದಲ್ಲ, ದುಡಿದು ತಂದಿದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ‘ಕುಬಟೂರಿನ ಗೌಡರು ಕುರಿಯವರಿಗೆ ಧರ್ಮಕ್ಕೆ ಕೊಟ್ಟ ಕಾರು’ ಎಂದು ಶಿಕಾರಿಪುರದ ಸಂತೆಯಲ್ಲಿ ಮಾತಾಡಿದವರಿದ್ದಾರೆ. ಅವರ ಬಾಯಿ ಮುಚ್ಚಿಸಲು ಆಗ ನನಗೆ ಪುರುಸೊತ್ತಿರಲಿಲ್ಲ. ಈಗ ಇದೆ.

ನಾನು ಮಾಳಮ್ಮ. ಹುಟ್ಟಿದ್ದು ಈಸೂರಿನಲ್ಲಿ, ನಾಲ್ಕನೆಯ ಕ್ಲಾಸಿನವರೆಗೆ ಓದಿದ್ದೂ ಅಲ್ಲೇ. ಊರವರೆಲ್ಲ ಬ್ರಿಟಿಷರ ಮೇಲೆ ತಿರುಗಿಬಿದ್ದ ನಲವತ್ತೆರಡರ ಗಲಾಟೆಯ ಹೊತ್ತಿಗೆ ನಾನಿನ್ನೂ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಹುಡುಗಿ. ಆದರೂ ಮದುವೆಯಾಗಿ ಬಂದ ಮನೆಯಲ್ಲಿ ನಾನು ಯಾವ ಮಾತಿಗೆ ಎದುರಾಡಿದರೂ ಅತ್ತೆ, “ಈಸೂರಿನ ನೀರು ಕುಡ್ದೋಳು, ಸುಮ್ನಿರು ಅಂದ್ರೆ ಇರ್ತಾಳೇನು?” ಎನ್ನುತ್ತಿದ್ದರು. ಅತ್ತೆಯ ಹೆಸರು ಮೂಕಮ್ಮ. ಬಾಯಿ ಮಾತ್ರ ಊರಾಚೆಯ ಕೆರೆ ದಂಡೆಗೂ ಕೇಳುವಂಥದ್ದು. ನನ್ನ ಗಂಡನ ಹೆಸರು ಉಜ್ಜಪ್ಪ. ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ. ಹೇಳಿದೆ, ಏನೂ ಆಗಲಿಲ್ಲ.

ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ದಾರಿಯಲ್ಲಿ ನಮ್ಮೂರು. ಸ್ವಲ್ಪ ಹೊಲವಿದೆ, ಉಳಿದದ್ದೆಲ್ಲ ಕುರಿ. ಮಳೆಗಾಲದಲ್ಲಿ ನಮ್ಮೂರ ಬಯಲಿನಲ್ಲೇ ಮೇಯಿಸುತ್ತೇವೆ. ಭತ್ತದ ಕೊಯ್ಲು ಮುಗಿದ ಮೇಲೆ ಹಿಂಡನ್ನು ಸೊರಬ ತಾಲ್ಲೂಕಿನ ಗದ್ದೆಗಳಿಗೆ ಹೊಡೆದುಕೊಂಡು ಹೋಗುತ್ತೇವೆ. ಹಗಲೆಲ್ಲ ಮೇದ ಕುರಿಗಳನ್ನು ರಾತ್ರಿ ಒಬ್ಬರ ಗದ್ದೆಯಲ್ಲಿ ತರುಬಿದರೆ ಬೆಳಗಾಗುವಷ್ಟರಲ್ಲಿ ಹಿಕ್ಕೆ, ಗಂಜಲ ಎರಡೂ ನೆಲಕ್ಕೆ ಬಿದ್ದಿರುತ್ತವೆ. ಇದಕ್ಕೆ ಮಂದೆ ಹಾಕುವುದು ಎನ್ನುತ್ತಾರೆ. ಅಷ್ಟು ಒಳ್ಳೆಯ ಗೊಬ್ಬರ ಯಾವ ತಿಪ್ಪೆಯಲ್ಲೂ ಸಿಗುವುದಿಲ್ಲ. ಕೂಲಿಯೆಂದು ಗದ್ದೆಯವರು ಭತ್ತ ಅಳೆದುಕೊಡುತ್ತಾರೆ. ಆ ಭತ್ತವೇ ನಮ್ಮ ಮಳೆಗಾಲದ ಅನ್ನ.

ಕುಬಟೂರಿನಲ್ಲಿ ಮೊದಲ ಮಂದೆ ಚಂದ್ರಶೇಖರಪ್ಪ ಗೌಡನ ಗದ್ದೆಗೆ. ನನ್ನ ಗಂಡನ ಅಜ್ಜನ ಕಾಲದಿಂದಲೂ ಹಾಗೇ. ಮೊದಲ ಮಂದೆ ಎಂದರೆ ಮಾತಿಗಷ್ಟೇ. ಅವನ ಗದ್ದೆಗಳೆಲ್ಲ ಮುಗಿಯುವಷ್ಟರಲ್ಲಿ ಮುಂಗಾರಿನ ಮೋಡ ಕಟ್ಟಿ, ನಾವು ಊರಿಗೆ ಹಿಂದಿರುಗುವ ಹೊತ್ತಾಗಿರುತ್ತಿತ್ತು. ಬೇರೆಯವರ ಗದ್ದೆಗೆ ನಮ್ಮ ಕುರಿ ಇಳಿದದ್ದೇ ಇಲ್ಲ.

ಐವತ್ತೇಳರ ಬೇಸಿಗೆ ಮುಗಿಯುವಾಗ ಕೂಲಿ ಅಳೆಸಿಕೊಳ್ಳಲೆಂದು ನಾನು, ಉಜ್ಜಪ್ಪ ಚೀಲ ಹಿಡಿದುಕೊಂಡು ಅವನ ಬಾಗಿಲಿಗೆ ಹೋದೆವು. ಸೊರಬದಿಂದ ನೆಂಟರು ಬಂದಿದ್ದರು. ಜಗಲಿಯ ಮೇಲೆ ಎಲೆ ಅಡಿಕೆ ನಡೆದಿತ್ತು. ಚಂದ್ರಶೇಖರಪ್ಪ ನಮ್ಮ ಚೀಲ ನೋಡಿದ, ನೆಂಟರ ಮುಖ ನೋಡಿದ.

“ಈ ಸಲ ಭತ್ತ ಇಲ್ಲ ಮಾರಾಯ. ಮಗಳ ಮದುವೆ ಆಯ್ತಲ್ಲ, ಕಣಜ ಖಾಲಿ. ಬೇಕಾದ್ರೆ ಅದನ್ನ ತಗೊಂಡು ಹೋಗು” ಎಂದು ಗಾಡಿ ಕಟ್ಟುವ ಕೊಟ್ಟಿಗೆಯ ಕಡೆ ಕೈ ತೋರಿಸಿದ. ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಲ್ಲಿ ಇದ್ದದ್ದು ಒಂದು ಕಾರು. ಅವನ ಅಪ್ಪ ಕೊಂಡದ್ದಂತೆ. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ನಿಲ್ಲಿಸಿದ್ದು ನಿಂತೇ ಹೋಗಿತ್ತು. ಟೈರುಗಳು ಬಿರಿದು ನೆಲಕ್ಕೆ ಅಂಟಿದ್ದವು. ಮುಂದೆ ಒಂದು ದೀಪವಿತ್ತು, ಇನ್ನೊಂದರ ಜಾಗದಲ್ಲಿ ತೂತು. ಮೂತಿಯ ಮೇಲಿದ್ದ ಹಿತ್ತಾಳೆಯ ಹೆಸರನ್ನು ಯಾರೋ ಕಿತ್ತುಕೊಂಡಿದ್ದರಿಂದ ಅದು ಯಾವ ಕಂಪನಿಯದೆಂದು ಗೌಡನಿಗೇ ಗೊತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತು ನಮ್ಮನ್ನೇ ದುರುಗುಟ್ಟಿಕೊಂಡು ನೋಡುತ್ತಿತ್ತು.

ಉಜ್ಜಪ್ಪ ಚೀಲ ಮಡಚತೊಡಗಿದರು. ಅವರ ಸ್ವಭಾವವೇ ಹಾಗೆ. ಯಾರಾದರೂ ನಕ್ಕರೆ ತಾವೇ ತಪ್ಪು ಮಾಡಿದವರಂತೆ ತಲೆ ತಗ್ಗಿಸುತ್ತಾರೆ. ನನಗೆ ಮೈಯೆಲ್ಲ ಉರಿದುಹೋಯಿತು. ಬೇಸಿಗೆಯಿಡೀ ಆ ಗದ್ದೆಗಳಲ್ಲಿ ಮಲಗಿದ್ದೇವೆ, ತೋಳ ಬರದಂತೆ ಕಾದಿದ್ದೇವೆ, ಮರಿಗಳನ್ನು ಎತ್ತಿಕೊಂಡು ತಿರುಗಿದ್ದೇವೆ. ಅದಕ್ಕೆ ಈ ನಗುವೇ ಕೂಲಿಯೇನು?

“ತಗೊಂಡು ಹೋಗ್ತೀವಿ ಗೌಡ್ರೇ” ಎಂದೆ.

“ಎಂತಕ್ಕೆ? ಕುರಿಮರಿ ಕೂರ್ಸಲಿಕ್ಕಾ?”

“ಓಡಿಸ್ಕೊಂಡು ಬರಾಕ. ಇದೇ ಬಾಗಿಲಿಗೆ.”

ಅವನಿಗೆ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ನೆಂಟರ ಕಡೆ ತಿರುಗಿ, “ನೀವೇ ಸಾಕ್ಷಿ” ಎಂದ. “ಮುಂದಿನ ಮಂದೆ ಹೊತ್ತಿಗೆ ಈ ಕಾರು ತಾನೇ ಓಡಿಕೊಂಡು ನನ್ನ ಜಗಲಿ ಮುಂದೆ ಬಂದು ನಿಂತ್ರೆ, ಈ ಸಲದ ಭತ್ತ ಅಷ್ಟೂ ಕೊಡ್ತೇನೆ. ಬರದಿದ್ರೆ ನನ್ನ ಗದ್ದೆಗೆ ಬಿಟ್ಟಿ ಮಂದೆ. ಆಗಬಹುದಾ?”

ಉಜ್ಜಪ್ಪ ನನ್ನ ಮೊಣಕೈ ಮುಟ್ಟಿದರು. ನಾನು ಆಗಲೇ “ಆಗ್ಲಿ” ಎಂದಾಗಿತ್ತು.

ಬಿಟ್ಟಿ ಮಂದೆ ಎಂದರೆ ಏನೆಂದು ನಮ್ಮ ಜನಕ್ಕೆ ಗೊತ್ತು. ಒಂದು ವರ್ಷ ಬಿಟ್ಟಿ ಹಾಕಿದರೆ ಮರುವರ್ಷ ಅದೇ ವಾಡಿಕೆ, ಅದರ ಮರುವರ್ಷ ಅದೇ ಹಕ್ಕು. ನಮ್ಮ ಮಕ್ಕಳು, ಮೊಮ್ಮಕ್ಕಳು ಗೌಡನ ಮಕ್ಕಳ ಗದ್ದೆಗೆ ಬಿಟ್ಟಿ ಗೊಬ್ಬರ ಹಾಕಿಕೊಂಡು ಇರಬೇಕಾಗುತ್ತಿತ್ತು. ಅಷ್ಟನ್ನೂ ನಾನು ಒಂದು ಸತ್ತ ಕಾರಿನ ಮೇಲೆ ಇಟ್ಟಿದ್ದೆ.

ದಾರಿಯಲ್ಲಿ ಉಜ್ಜಪ್ಪ ಖಾಲಿ ಚೀಲವನ್ನು ಹೆಗಲಿಂದ ಹೆಗಲಿಗೆ ಬದಲಾಯಿಸುತ್ತ ನಡೆದರು. ಆಮೇಲೆ, “ಮಾಳೀ, ನಮಗ ಎತ್ತಿನ ಗಾಡಿ ಬಿಟ್ರೆ ಬ್ಯಾರೆ ಏನ್ ಗೊತ್ತೈತಿ?” ಎಂದರು.

“ಅದಕ್ಕೂ ಗಾಲಿನೇ ಇರೋದು.”

“ಎತ್ತಿನ ಗಾಡಿಗೆ ಎರಡು, ಇದಕ್ಕ ನಾಕು.”

“ಎರಡು ಹೆಚ್ಚಿಗಿ ಕಲಿಯಾಣ ಬಿಡ್ರಿ.”

ಎರಡು ಜೊತೆ ಎತ್ತು ಕಟ್ಟಿ ಕಾರನ್ನು ಊರಿಗೆ ಎಳೆದು ತಂದೆವು. ಬಿರಿದ ಟೈರುಗಳು ತಿರುಗುವಂತಿರಲಿಲ್ಲವಾದ್ದರಿಂದ ಅವನ್ನು ಬಿಚ್ಚಿ ಒಳಗೆ ಹಾಕಿ, ಗಾಲಿಗಳಿಗೆ ಪುಂಡಿ ನಾರಿನ ಹಗ್ಗವನ್ನು ಸುತ್ತಿ ಸುತ್ತಿ ಬಿಗಿದಿದ್ದೆವು. ಆನವಟ್ಟಿಯಲ್ಲಿ ಜನ ಅಂಗಡಿ ಬಿಟ್ಟು ರಸ್ತೆಗೆ ಬಂದರು. “ಇದು ಎಷ್ಟು ಹುಲ್ಲು ತಿನ್ನುತ್ತೆ?” ಎಂದು ಒಬ್ಬ ಕೇಳಿದ. ನಾನು ಕಾರಿನೊಳಗೆ ಕೋಳಿಯ ಗೂಡಿನ ಪಕ್ಕ ಕೂತಿದ್ದೆ. ಕೋಳಿಯನ್ನು ಗೌಡನ ಮನೆಯವರು ಹಿಡಿದುಕೊಂಡಿದ್ದರು, ಮೊಟ್ಟೆ ಮರೆತಿದ್ದರು. “ನಿನ್ನಷ್ಟು ತಿನ್ನಲ್ಲ” ಎಂದೆ.

ನಮ್ಮ ಮನೆಯಲ್ಲಿ ಅಷ್ಟು ದೊಡ್ಡ ವಸ್ತು ಹಿಡಿಸುವ ಜಾಗ ಒಂದೇ, ಕುರಿಮರಿ ಕೂಡುವ ಚಪ್ಪರ. ಕಾರು ಅಲ್ಲಿ ನಿಂತಿತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಒಂದು ಸುತ್ತು ಹಾಕಿದರು. “ಭತ್ತ ತರ್ರಿ ಅಂದ್ರೆ ಹೆಣ ತಂದೀರಲ್ಲೋ! ಇದನ್ನ ಬೇಯಿಸ್ಲೋ, ಹುರಿಲೋ?” ಎಂದರು. ಮಳೆಗಾಲದಲ್ಲಿ ಅವರು ಅನ್ನವಿಲ್ಲದೆ ಜೋಳದ ರೊಟ್ಟಿ ತಿಂದರು, ಪ್ರತಿ ತುತ್ತಿಗೂ ನನ್ನ ಮುಖ ನೋಡಿದರು. ಮರಿಗಳು ಮಾತ್ರ ಮೊದಲ ದಿನವೇ ಕಾರಿನೊಳಗೆ ಹತ್ತಿ, ಬೆಚ್ಚಗೆ ಮಲಗಿ, ಅದು ತಮ್ಮದೇ ಎಂದು ತೀರ್ಮಾನಿಸಿಬಿಟ್ಟವು.

ಕಾರು ತಿಳಿದವರು ಬೇಕಿತ್ತು. ಸೊರಬದ ಬಸ್ ಸ್ಟಾಂಡಿನ ಹಿಂದೆ ಒಬ್ಬ ಬಸ್ಸಿನ ಮಾಲೀಕರ ಶೆಡ್ಡಿತ್ತು. ಅಲ್ಲಿ ಉಚ್ಚಂಗಪ್ಪ ಎಂಬ ಮೆಕ್ಯಾನಿಕ್ ಇದ್ದರು, ದಾವಣಗೆರೆ ಕಡೆಯವರು. ಒಂದು ಹೊಸ ಕಂಬಳಿ ಹೆಗಲಿಗೆ ಹಾಕಿಕೊಂಡು ನಾನೇ ಹೋದೆ. ಅವರು ಬಸ್ಸಿನ ಕೆಳಗೆ ಮಲಗಿಕೊಂಡೇ ಮಾತಾಡಿದರು.

“ಯಾವ ಗಾಡಿ?”

“ಗೊತ್ತಿಲ್ರೀ.”

“ಓಡಿ ಎಷ್ಟು ವರ್ಷ ಆಯ್ತು?”

“ನನ್ನ ಮದುವಿಗಿಂತ ಮುಂಚೆ.”

“ಎಂಜಿನ್ ತಿರುಗ್ತೈತಾ?”

“ಇಲ್ರೀ. ಕೋಳಿ ಮೊಟ್ಟಿ ಇಟ್ಟಿತ್ತು.”

ಉಚ್ಚಂಗಪ್ಪ ಬಸ್ಸಿನ ಕೆಳಗಿನಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿದರು. ಗೌಡನ ಪಂಥದ ವಿಷಯ ಹೇಳಿದೆ. ಅವರು ನಗಲಿಲ್ಲ. ಅವರೂ ಯಾರದೋ ಕೈಕೆಳಗೆ ದುಡಿದವರು. “ಅಮಾಸಿ ದಿನ ಬರ್ತೀನಿ” ಎಂದರು. ಅಮಾವಾಸ್ಯೆಯ ದಿನ ಗಾಡಿ ಬಿಚ್ಚಿದರೆ ಕೇಡು ಎಂದು ಅವರ ಮಾಲೀಕರು ಶೆಡ್ಡಿಗೆ ರಜೆ ಕೊಡುತ್ತಿದ್ದರು. ಬೇರೆ ದಿನ ಅವರಿಗೆ ಬಿಡುವಿರಲಿಲ್ಲ.

ಹೀಗಾಗಿ ನಮ್ಮ ಕಾರಿನ ಕೆಲಸ ನಡೆದದ್ದೆಲ್ಲ ಅಮಾವಾಸ್ಯೆಯಲ್ಲೇ. ಅತ್ತೆ ಬಾಗಿಲಿಗೆ ಬೂದುಗುಂಬಳ ಕಟ್ಟಿ ಹರಹರ ಎಂದರು. “ಅಮಾಸಿ ದಿನ ಕುರಿ ಈಯೋದಿಲ್ಲೇನು? ಅವಕ್ಕಿಲ್ಲದ ಕೇಡು ಇದಕ್ಕ್ಯಾಕೆ?” ಎಂದು ನಾನು ಕೇಳಿದೆ. ಅವರು ಕುಂಬಳಕಾಯಿಯ ಗಂಟನ್ನು ಇನ್ನಷ್ಟು ಬಿಗಿ ಮಾಡಿದರು.

ಮೊದಲ ಅಮಾವಾಸ್ಯೆಗೆ ಉಚ್ಚಂಗಪ್ಪ ಎಂಜಿನಿನ ಮುಚ್ಚಳ ತೆಗೆದು ನೋಡಿ, “ತುಕ್ಕು ಹಿಡಿದು ಕಚ್ಕೊಂಡೈತಿ” ಎಂದು ಒಳಗೆ ಸೀಮೆಎಣ್ಣೆ ಸುರಿದು ಹೋದರು. ದಿನಾ ಬೆಳಿಗ್ಗೆ ಕುರಿ ಬಿಡುವ ಮುಂಚೆ ಉಜ್ಜಪ್ಪ ಹ್ಯಾಂಡಲ್ ಹಾಕಿ ಜಗ್ಗುವುದು, ಅದು ಜಪ್ಪಯ್ಯ ಎಂದರೂ ಅಲುಗದಿರುವುದು. ನಾಗರ ಪಂಚಮಿ ಕಳೆದ ಮೇಲೆ ಒಂದು ದಿನ ಕಟ್ ಎಂದು ಕೂದಲೆಳೆಯಷ್ಟು ತಿರುಗಿತು. ಉಜ್ಜಪ್ಪ ಓಡಿಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದರು. ನಾನೂ ಜಗ್ಗಿದೆ. ಇನ್ನೊಂದು ಕೂದಲೆಳೆ. ನಮಗಿಬ್ಬರಿಗೂ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಆಮೇಲೆ ಒಂದೊಂದೇ ಆಯಿತು. ಬಸ್ಸಿನ ಶೆಡ್ಡಿನಲ್ಲಿ ಎಸೆದ ಸಾಮಾನುಗಳಲ್ಲಿ ಉಚ್ಚಂಗಪ್ಪ ಹೊಂದುವುದನ್ನು ಹುಡುಕಿ ತಂದರು. ಕೆಲವು ಹೊಂದಿದವು, ಹಲವು ಹೊಂದಲಿಲ್ಲ. ಹಳೆಯ ಟೈರುಗಳಿಗೆ ಒಳಗಿನಿಂದ ಬೇರೆ ಟೈರಿನ ತುಂಡು ಇಟ್ಟು ಕೂರಿಸಿದರು. ಸೀಟುಗಳನ್ನು ನಾನು ಮಾಡಿದೆ. ಕಂಬಳಿಯಲ್ಲಿ ಚೀಲ ಹೊಲಿದು ಒಳಗೆ ಉಣ್ಣೆ ತುಂಬಿದೆ. ಅದರ ಮೇಲೆ ಕೂತು ನೋಡಿದ ಉಚ್ಚಂಗಪ್ಪ, “ಮಾಲೀಕರ ಬಸ್ಸಿನಾಗೂ ಇಂಥಾದ್ದಿಲ್ಲ” ಎಂದರು. ದಸರೆಯ ಹೊತ್ತಿಗೆ ಎಂಜಿನು ಒಂದು ಸಲ ಕೆಮ್ಮಿತು. ಆದರೆ ಕೆಮ್ಮಿದ ರಭಸಕ್ಕೆ ಹ್ಯಾಂಡಲ್ ಹಿಂದಕ್ಕೆ ಹೊಡೆದು ಉಜ್ಜಪ್ಪನ ಮಣಿಕಟ್ಟು ಉಳುಕಿತು. ಅವರ ತಮ್ಮ ಸಣ್ಣಬೀರಪ್ಪ ಕುರಿ ನೋಡಿಕೊಂಡ. ಕುಂಬಳಕಾಯಿಯಂತೆ ಊದಿದ ಕೈಗೆ ಅತ್ತೆ ಹುಣಸೆ ಹುಳಿ, ಉಪ್ಪು ಬಿಸಿ ಮಾಡಿ ಹಚ್ಚಿದರು. ಹಚ್ಚುತ್ತ ಹಚ್ಚುತ್ತ ನನ್ನನ್ನು ಬೈದರು, ಕಾರನ್ನು ಬೈದರು, ಗೌಡನನ್ನೂ ಬೈದರು. ಗೌಡನನ್ನು ಬೈದದ್ದು ಅದೇ ಮೊದಲು. ಅತ್ತೆ ನಮ್ಮ ಕಡೆಗೆ ಬಂದರು ಎಂದು ನನಗೆ ಆಗಲೇ ಅನ್ನಿಸಿತು.

ದೀಪಾವಳಿಯ ಅಮಾವಾಸ್ಯೆಗೆ ಎಂಜಿನು ಹತ್ತಿ ನಿಂತಿತು. ನಿಂತಿತು ಎಂದರೆ ಓಡುತ್ತಲೇ ಇತ್ತು, ಇಡೀ ಚಪ್ಪರ ನಡುಗುವಂತೆ. ಮರಿಗಳು ಹೆದರಿ ದಿಕ್ಕಾಪಾಲಾದವು. ಉಚ್ಚಂಗಪ್ಪ ಬ್ರೇಕು ಜೋಡಿಸಿ, ಉಜ್ಜಪ್ಪನಿಗೆ ಓಡಿಸುವುದನ್ನು ಹೇಳಿಕೊಟ್ಟು, “ಮುಂದಿನ ಸಲ ನಾನು ಬಂದ ಮೇಲೇ ರಸ್ತಿಗಿಳಿಸಾಣ. ಅಲ್ಲಿತನಕ ಬೇಕಾದ್ರೆ ಅಂಗಳದಾಗೆ ಹಿಂದಕ್ಕ ಮುಂದಕ್ಕ ಮಾಡ್ರಿ” ಎಂದು ಹೇಳಿ ಹೊರಟರು.

ಅಂಗಳದಲ್ಲಿ ಹಿಂದಕ್ಕೆ ಮುಂದಕ್ಕೆ ಮಾಡಿದಾಗ ಗಾಲಿಗಳಿಂದ ಕಿರ್ ಕಿರ್ ಎಂಬ ಸದ್ದು ಬಂತು. ಎತ್ತಿನ ಗಾಡಿಯವರ ಮನೆಯಲ್ಲಿ ಗಾಲಿ ಕಿರುಗುಟ್ಟುವುದು ಅವಮಾನದ ಮಾತು. ಕಿರುಗುಟ್ಟುವ ಗಾಡಿ ಕಟ್ಟಿಕೊಂಡು ಸಂತೆಗೆ ಹೋದವನಿಗೆ ಹೆಣ್ಣು ಕೊಡುವವರೂ ಹಿಂದೆಮುಂದೆ ನೋಡುತ್ತಾರೆ. ಅತ್ತೆಗೆ ತಡೆಯಲಾಗಲಿಲ್ಲ. “ಆ ಪುಣ್ಯಾತ್ಮ ಎಲ್ಲ ಮಾಡ್ಯಾನ, ಕೀಲೆಣ್ಣಿ ಹಾಕೋದೇ ಮರ್ತಾನ” ಎಂದು ತಮ್ಮ ಔಡಲೆಣ್ಣೆಯ ಗಡಿಗೆಯನ್ನೇ ತಂದರು. ಹುಲ್ಲು ಸುಟ್ಟ ಮಸಿ ಕಲಸಿ ಕೀಲೆಣ್ಣೆ ಮಾಡಿದರು. ಉಜ್ಜಪ್ಪ ನಾಲ್ಕೂ ಗಾಲಿ ಬಿಚ್ಚಿ, ಒಳಗಿನ ಡಬ್ಬಿಯಂಥದ್ದನ್ನೂ ತೆಗೆದು, ಉಜ್ಜಿಕೊಳ್ಳುವ ಜಾಗವೆಲ್ಲಿ ಕಂಡರೂ ಬಿಡದೆ ಬಳಿದರು. ನಾವು ಮೂವರೂ ಕೂತು ನೋಡಿದೆವು. ಸದ್ದು ನಿಂತುಹೋಗಿತ್ತು. ಗಾಲಿ ಬೆಣ್ಣೆಯ ಹಾಗೆ ತಿರುಗಿತು. ಉಚ್ಚಂಗಪ್ಪ ಬಂದರೆ ಎಷ್ಟು ಖುಷಿಪಡುತ್ತಾರೋ ಎಂದುಕೊಂಡೆವು.

ಅವರು ಬರುವವರೆಗೆ ಕಾಯುವಷ್ಟು ತಾಳ್ಮೆ ಯಾರಿಗಿತ್ತು? ಒಂದು ಬೆಳಿಗ್ಗೆ ಉಜ್ಜಪ್ಪ ಕಾರನ್ನು ಅಂಗಳದಿಂದ ರಸ್ತೆಗೆ ತಿರುಗಿಸಿದರು, ಕೆರೆಯವರೆಗೆ ಮಾತ್ರ ಎಂದು. ನಾನು ಪಕ್ಕದಲ್ಲಿ ಕೂತಿದ್ದೆ. ಊರವರೆಲ್ಲ ಬಾಗಿಲಿಗೆ ಬಂದಿದ್ದರು. ನಮ್ಮೂರಿನಿಂದ ಕೆರೆಗೆ ಇಳಿಜಾರು. ಇಳಿಜಾರಿನಲ್ಲಿ ಕಾರಿನ ಓಟ ಹೆಚ್ಚಿತು. ಉಜ್ಜಪ್ಪ ಬ್ರೇಕು ತುಳಿದರು. ಕಾಲು ಪೂರ್ತಿ ಕೆಳಕ್ಕೆ ಹೋಯಿತು, ಓಟ ಸ್ವಲ್ಪವೂ ಕಡಿಮೆಯಾಗಲಿಲ್ಲ. “ಹೋ, ಹೋ!” ಎಂದು ಎತ್ತಿಗೆ ಹೇಳುವಂತೆ ಹೇಳಿದರು. ಕಾರು ಎತ್ತಲ್ಲ. ಕೆರೆ ದಂಡೆಯ ಹುಣಸೆಮರಕ್ಕೆ ಹಿಂದಿನ ಗಾಲಿ ಬಡಿದು, ಕಾರು ಅಡ್ಡ ತಿರುಗಿ, ಮೂತಿ ನೀರಿಗೆ ಹಾಕಿಕೊಂಡು ನಿಂತಿತು. ನಮಗೆ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ, ಕಾರಿಗೆ ಆಗಿತ್ತು.

ಉಚ್ಚಂಗಪ್ಪ ಬಂದು ಗಾಲಿ ಬಿಚ್ಚಿ, ಒಳಗೆ ಬೆರಳಿಟ್ಟು, ಬೆರಳು ಮೂಸಿ ನೋಡಿದರು. “ಬ್ರೇಕಿಗೆ ಎಣ್ಣಿ ಹಾಕಿದ ಮಹಾನುಭಾವ ಯಾರ್ರೀ?” ಎಂದರು. ನಾನು, ಉಜ್ಜಪ್ಪ ಅತ್ತೆಯ ಕಡೆ ನೋಡಿದೆವು. “ಬ್ರೇಕು ಹಿಡಿಯೋದೇ ಉಜ್ಜಿಕೊಂಡು. ಅದಕ್ಕ ಎಣ್ಣಿ ಹಾಕಿದ್ರೆ ಅದೇನು ಹಿಡೀಬೇಕು, ತಲಿ?” ಅತ್ತೆ ಗಡಿಗೆಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಒಳಗೆ ಹೋದರು.

ಬ್ರೇಕು ದೊಡ್ಡ ಮಾತಾಗಿರಲಿಲ್ಲ. ಮರಕ್ಕೆ ಬಡಿದ ಹಿಂದಿನ ಗಾಲಿಯ ನಡುಗುಂಬ, ಎಂದರೆ ಅಚ್ಚು ಕೂರುವ ನಡುವಿನ ದಿಂಡು, ಉದ್ದಕ್ಕೆ ಬಿರಿದಿತ್ತು. ಉಚ್ಚಂಗಪ್ಪ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುವಿ ನೋಡಿದರು. “ಇಂಥ ಗುಂಬ ಈ ಸೀಮಿಯಾಗೆ ಸಿಗಂಗಿಲ್ಲ. ಯಾವ ಕಂಪನಿದು ಅಂತಾನೇ ಗೊತ್ತಿಲ್ಲ, ಎಲ್ಲಿಂದ ತರಿಸೋದು? ಬಿರುಕಿನ ಗುಂಬ ಹಾಕಿಕೊಂಡು ಹೋದ್ರೆ ದಾರಿಯಾಗೆ ಗಾಲಿ ಕಳಚಿ ಜೀವ ತೆಗೀತೈತಿ. ಮಾಳಮ್ಮಾ, ಇಲ್ಲಿಗೆ ಸಾಕು. ಗೌಡ್ರ ಕೈಕಾಲು ಹಿಡೀರಿ” ಎಂದರು. ಅವರೇ ಹಾಗೆ ಹೇಳಿದ ಮೇಲೆ ಉಜ್ಜಪ್ಪ ತಲೆಗೆ ಕೈ ಹೊತ್ತು ಕೂತರು.

ಕೊಯ್ಲು ಶುರುವಾಗಿತ್ತು. ಗೌಡ ಸೊರಬದ ಬಸ್ ಸ್ಟಾಂಡಿನಲ್ಲಿ, “ಈ ವರ್ಷ ನಮ್ಮ ಗದ್ದೆಗೆ ಬಿಟ್ಟಿ ಗೊಬ್ಬರ” ಎಂದು ಹೇಳಿಕೊಂಡು ತಿರುಗುತ್ತಿರುವ ಸುದ್ದಿ ಬಂತು. ನಾನು ಅತ್ತುಬಿಟ್ಟೆ. ದುಃಖಕ್ಕಲ್ಲ, ಸಿಟ್ಟಿಗೆ. ಉಜ್ಜಪ್ಪ ಸಮಾಧಾನ ಮಾಡಲು ಬಂದರು. “ಹೋಗಿ ಕೇಳಿಕೊಂಡ್ರೆ ಒಂದು ವರ್ಷಕ್ಕ ಬಿಟ್ಟಾರು” ಎಂದರು. “ಕೇಳಿಕೊಳ್ಳಾಕ ನೀವೊಬ್ರೇ ಹೋಗ್ರಿ. ನಾನು ಬರಲ್ಲ. ಕುರಿ ಮಾರಿ ಕಲ್ಲು ಹೊರಾಕ ಬೇಕಾದ್ರೂ ಹೋಗ್ತೀನಿ, ಆ ಜಗಲಿ ಮುಂದ ಕೈ ಕಟ್ಟಲ್ಲ” ಎಂದೆ. ಅವರು ಆ ಗುಂಬವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಗೆ ಹೋದರು. ಎಸೆಯಲು ಹೋದರೆಂದು ತಿಳಿದೆ.

ಅವರು ಹೋದದ್ದು ಶಿಕಾರಿಪುರಕ್ಕೆ, ಕೆಂಪಪ್ಪನ ಕುಲುಮೆಗೆ. ಎತ್ತಿನ ಗಾಡಿಯ ಗುಂಬ ಬಿರಿದರೆ ನಮ್ಮ ಕಡೆ ಯಾರೂ ಎಸೆಯುವುದಿಲ್ಲ. ಗುಂಬಕ್ಕಿಂತ ಒಂದು ಎಳೆ ಚಿಕ್ಕದಾಗಿ ಕಬ್ಬಿಣದ ಬಳೆ ಮಾಡಿ, ಕೆಂಡದಲ್ಲಿ ಕೆಂಪಗೆ ಕಾಯಿಸಿ ಹಿಗ್ಗಿಸಿ, ಹೊಡೆದು ಕೂರಿಸಿ, ಮೇಲೆ ನೀರು ಹೊಯ್ಯುತ್ತಾರೆ. ಬಳೆ ತಣಿದು ಕುಗ್ಗಿ ಬಿರುಕನ್ನು ಕಚ್ಚಿ ಹಿಡಿಯುತ್ತದೆ. ಇದನ್ನು ಉಜ್ಜಪ್ಪ ಹುಟ್ಟಿದಾಗಿನಿಂದ ನೋಡಿದ್ದಾರೆ. ಆದರೆ ಕೆಂಪಪ್ಪ ಒಪ್ಪಲಿಲ್ಲವಂತೆ. “ನಾನು ಮರಕ್ಕೆ ಬಳೆ ತೊಡಿಸೋನು. ಕಬ್ಬಿಣಕ್ಕ ಕಬ್ಬಿಣ ತೊಡಿಸಿದ್ರೆ ಅದು ಬಗ್ಗಲ್ಲ, ಇದೂ ಬಗ್ಗಲ್ಲ.” ಉಜ್ಜಪ್ಪ ಅಲ್ಲಿಂದ ಏಳಲೇ ಇಲ್ಲ. ಬೇರೆಯವರ ಗಾಡಿ ಕೆಲಸಕ್ಕೆ ತಿದಿ ಒತ್ತುತ್ತ ಕೂತುಬಿಟ್ಟರು. ಕಡೆಗೆ ಕೆಂಪಪ್ಪನಿಗೇ ಬೇಸರ ಬಂದು ಗುಂಬವನ್ನು ಕೈಗೆ ತೆಗೆದುಕೊಂಡ.

ಮೊದಲ ಬಳೆ ತಣಿದ ಮೇಲೂ ಸಡಿಲವಾಗೇ ಇತ್ತು. ಎರಡನೆಯದನ್ನು ತೀರಾ ಚಿಕ್ಕದು ಮಾಡಿದ್ದರಿಂದ ಕುಗ್ಗುವಾಗ ತಾನೇ ಪಟ್ಟೆಂದು ಸೀಳಿತು. ಅಷ್ಟು ಹೊತ್ತಿಗೆ ಕೆಂಪಪ್ಪನಿಗೂ ಹಠ ಹತ್ತಿತ್ತು. ಹಳೆಯ ಗಾಡಿಯ ಹಳಿಯೊಂದನ್ನು ಕಡಿದು, ಅದರಿಂದ ಮೂರನೆಯದನ್ನು ಮಾಡಿದ. ಅದು ಕಚ್ಚಿತು. ಸುತ್ತಿಗೆಯಿಂದ ಹೊಡೆದರೆ ಒಡಕಿಲ್ಲದ ಗಂಟೆಯ ಹಾಗೆ ನಾದ ಬಂತು. ಉಜ್ಜಪ್ಪ ಅದನ್ನು ಹೆಗಲ ಮೇಲಿಟ್ಟುಕೊಂಡು ನಡೆದೇ ಮನೆಗೆ ಬಂದರು. ನನ್ನ ಮುಂದಿಟ್ಟು, “ನೋಡು” ಎಂದರು. ನಾನು ನೋಡಿದ್ದು ಅವರನ್ನು. ಅಷ್ಟು ವರ್ಷ ಬಾಳುವೆ ಮಾಡಿದರೂ ಈ ಮನುಷ್ಯನೊಳಗೆ ಇಷ್ಟು ಹಠ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ.

ಉಚ್ಚಂಗಪ್ಪ ಬಂದು ಅದನ್ನು ಬಡಿದು ನೋಡಿದರು, ಎತ್ತಿ ಕಲ್ಲಿನ ಮೇಲೆ ಹಾಕಿ ನೋಡಿದರು, ಮತ್ತೆ ಬಡಿದು ನೋಡಿದರು. “ನಾನು ತಡೀತೈತಿ ಅಂತ ಹೇಳಲ್ಲ. ತಡಿಯಂಗಿಲ್ಲ ಅಂತಾನೂ ಹೇಳಲ್ಲ. ನಾನೂ ಇದರಾಗೇ ಕೂತು ಬರ್ತೀನಿ” ಎಂದರು. ಎಣ್ಣೆ ಕುಡಿದ ಬ್ರೇಕಿನ ಪಟ್ಟಿಗಳನ್ನು ಸುಡಬೇಕು ಎಂದಾಗ ಅತ್ತೆ ರೊಟ್ಟಿಯ ಹಂಚನ್ನು ತಂದು ಒಲೆಯ ಮೇಲಿಟ್ಟರು. ಹಂಚಿನ ಮೇಲೆ ಪಟ್ಟಿಗಳು ಹೊಗೆಯಾಡಿ, ಎಣ್ಣೆ ಬಿಟ್ಟು, ಒಣಗಿದವು. ಅತ್ತೆಯೇ ಮಗುಚಿ ಹಾಕಿದರು.

ಐವತ್ತೆಂಟರ ಬೇಸಿಗೆ ಶುರುವಾಗುವಾಗ ಸಣ್ಣಬೀರಪ್ಪ ಹಿಂಡನ್ನು ಹೊಡೆದುಕೊಂಡು ಮೊದಲೇ ಹೊರಟ. ನಾವು ಅಮಾವಾಸ್ಯೆಯ ಬೆಳಿಗ್ಗೆ ಹೊರಟೆವು. ಉಜ್ಜಪ್ಪ ಓಡಿಸಿದರು, ಪಕ್ಕದಲ್ಲಿ ಉಚ್ಚಂಗಪ್ಪ, ಹಿಂದೆ ನಾನು ಮತ್ತು ಅತ್ತೆ. ಶಿರಾಳಕೊಪ್ಪ ದಾಟುವಷ್ಟರಲ್ಲಿ ಮೂತಿಯಿಂದ ಆವಿ ಎದ್ದಿತು. ಹಳ್ಳದ ನೀರು ತಂದು ಹೊಯ್ದೆವು. ಮುಂದೆ ಒಂದು ಟೈರು ಢಬ್ ಎಂದಿತು. ತುಂಡು ಬಟ್ಟೆ, ಹುಲ್ಲು ತುಂಬಿ ಬಿಗಿದು ಹೊರಟೆವು. ಪ್ರತಿ ಇಳಿಜಾರಿಗೂ ಅತ್ತೆ ಕಣ್ಣು ಮುಚ್ಚಿ ಬೀರಪ್ಪ ದೇವರನ್ನು ನೆನೆದರು. ನಾನು ಹಿಂದಿನ ಗಾಲಿಯ ಸದ್ದಿಗೆ ಕಿವಿ ಕೊಟ್ಟು ಕೂತಿದ್ದೆ. ಬಳೆ ಹಿಡಿದಿತ್ತು. ಆನವಟ್ಟಿಯಲ್ಲಿ ಜನ ಮತ್ತೆ ಅಂಗಡಿ ಬಿಟ್ಟು ಹೊರಬಂದರು. ಈ ಸಲ ಯಾರೂ ಹುಲ್ಲಿನ ಮಾತೆತ್ತಲಿಲ್ಲ.

ಕುಬಟೂರಿನ ಬೀದಿಯಲ್ಲಿ ಜನ ನಮ್ಮ ಹಿಂದೆಯೇ ಓಡಿಬಂದರು. ಜಗಲಿಯ ಮುಂದೆ ಉಜ್ಜಪ್ಪ ಬ್ರೇಕು ತುಳಿದರು. ಕಾರು ನಿಂತಿತು. ಎಲ್ಲಿ ನಿಲ್ಲಬೇಕಿತ್ತೋ ಅಲ್ಲೇ ನಿಂತಿತು.

ಚಂದ್ರಶೇಖರಪ್ಪ ಹೊರಗೆ ಬಂದ. ಕಾರನ್ನು ಮೂತಿಯಿಂದ ಹಿಂದಿನ ಗಾಲಿಯವರೆಗೆ ಒಂದು ಸಲ ನೋಡಿ, ನಗು ತಂದುಕೊಂಡ.

“ಅರೆ, ತಮಾಷೆಗೆ ಹೇಳಿದ್ದಪ್ಪ ನಾನು. ಇರ್ಲಿ, ಭತ್ತ ಕೊಡ್ತೇನೆ. ಕೊಡುದಿಲ್ಲ ಅಂತ ಎಲ್ಲಿ ಹೇಳ್ದೆ? ಇಷ್ಟು ಜನ ಸೇರಿದ್ದಾರೆ. ಗೌಡ್ರು ಪ್ರೀತಿಯಿಂದ ದಾನ ಕೊಟ್ಟ ಕಾರು ಅಂತ ಒಂದು ಮಾತು ಹೇಳಿಬಿಡು ಉಜ್ಜ, ನನ್ನ ಮರ್ಯಾದೆನೂ ಉಳೀತದೆ. ನಾಳೆಯಿಂದ ಮಂದೆ ಶುರು ಮಾಡು.”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಉಜ್ಜಪ್ಪ ಮಾತಾಡಿದರು. ಎಂಜಿನು ನಿಲ್ಲಿಸಿದರೆ ಮತ್ತೆ ಹತ್ತುತ್ತದೋ ಇಲ್ಲವೋ ಎಂಬ ಭಯಕ್ಕೆ ಅದನ್ನು ನಿಲ್ಲಿಸಿರಲಿಲ್ಲ. ಅದರ ಗದ್ದಲದಲ್ಲಿ ಕೇಳಬೇಕೆಂದರೆ ಕೂಗಲೇಬೇಕಿತ್ತು. ಹುಟ್ಟಿದಾಗಿನಿಂದ ಗಟ್ಟಿಯಾಗಿ ಮಾತಾಡದ ಮನುಷ್ಯನ ಮಾತು ಇಡೀ ಕೇರಿಗೆ ಕೇಳಿಸಿತು.

“ದಾನ ಅಲ್ರೀ ಗೌಡ್ರೇ, ಕೂಲಿ! ನಮ್ಮ ಕುರಿ ನಿಮ್ಮ ಗದ್ದೆಯಾಗೆ ದುಡಿದ ಕೂಲಿ! ಸುಳ್ಳು ಹೇಳಿ ತಗೊಳ್ಳೋ ಭತ್ತ ನಮಗ ಬ್ಯಾಡ. ನಿಮ್ಮ ಗದ್ದಿಗೆ ಮಂದೆನೂ ಇಲ್ಲ, ಈ ವರ್ಷನೂ ಇಲ್ಲ, ಇನ್ ಮುಂದನೂ ಇಲ್ಲ!”

ಗೌಡನ ನಗು ಹಾರಿಹೋಯಿತು. “ಹಂಗಾದ್ರೆ ಕೇಳು” ಎಂದ. “ಕುಬಟೂರಿನ ಒಂದು ಗದ್ದೆಗೂ ನಿನ್ನ ಕುರಿ ಇಳಿಯೂದಿಲ್ಲ. ನನ್ನ ಮಾತು ಮೀರಿ ನಿಮ್ಮನ್ನ ಕರೆಯುವವರು ಈ ಊರಲ್ಲಿ ಯಾರಿದ್ದಾರೆ ನೋಡ್ತೇನೆ.”

ಯಾರೂ ಉಸಿರೆತ್ತಲಿಲ್ಲ. ಸಣ್ಣಬೀರಪ್ಪ ಊರ ಹೊರಗೆ ಹಿಂಡು ನಿಲ್ಲಿಸಿಕೊಂಡು ಕಾಯುತ್ತಿದ್ದ. ಕುರಿ ಎಲ್ಲಿಗೆ ಹೊಡೆಯುವುದು? ಮಳೆಗಾಲಕ್ಕೆ ಏನು ತಿನ್ನುವುದು? ಕಾರು ಬಾಗಿಲಿಗೆ ಬಂದಿತ್ತು, ಪಂಥ ಗೆದ್ದಿದ್ದೆವು. ಆದರೂ ಆ ಮೌನದಲ್ಲಿ ನಾವೇ ಸೋತ ಹಾಗೆ ಕಂಡಿತು. ಉಜ್ಜಪ್ಪ ಮಾತ್ರ ತಲೆ ತಗ್ಗಿಸಲಿಲ್ಲ. ಗೌಡನನ್ನು ನೋಡುತ್ತಲೇ ನಿಂತಿದ್ದರು.

ಜನರ ಹಿಂದಿನಿಂದ ಒಬ್ಬ ಹೆಂಗಸು ದಾರಿ ಮಾಡಿಕೊಂಡು ಮುಂದೆ ಬಂದರು. ದುರ್ಗಮ್ಮ ಎಂದು, ಗಂಡ ತೀರಿಕೊಂಡವರು, ಕೆರೆಯ ಕೆಳಗೆ ಅಂಗೈಯಗಲದ ಗದ್ದೆ. ಪ್ರತಿ ವರ್ಷ ನಮ್ಮ ಹಿಂಡು ಆ ಗದ್ದೆಯ ಬದುವಿನ ಮೇಲೆಯೇ ಗೌಡನ ಗದ್ದೆಗೆ ಹಾದುಹೋಗುತ್ತಿತ್ತು, ಅವರು ನಿಂತು ನೋಡುತ್ತಿದ್ದರು. ಈಗ ಗೌಡನ ಕಡೆ ತಿರುಗಿಯೂ ನೋಡಲಿಲ್ಲ.

“ನಮ್ಮ ಗದ್ದೆಗೆ ಹಾಕ್ತೀರನ್ರಪ್ಪ?” ಎಂದು ಉಜ್ಜಪ್ಪನನ್ನು ಕೇಳಿದರು. “ಒಂದು ರಾತ್ರಿ ಆದ್ರೆ ಸಾಕು. ಕೂಲಿ ಎಷ್ಟು ಅಂತ ಮೊದ್ಲೇ ಹೇಳಿಬಿಡಿ.”

“ನಿಮ್ಮ ಕೈಲಿ ಆದಷ್ಟು ಕೊಡ್ರಿ ಅಮ್ಮಾ” ಎಂದರು ಉಜ್ಜಪ್ಪ. “ಕಾರು ಮಾತ್ರ ಬ್ಯಾಡ.”

ಮೊದಲು ನಕ್ಕವರು ಅತ್ತೆ. ಆಮೇಲೆ ದುರ್ಗಮ್ಮ ನಕ್ಕರು. ಆಮೇಲೆ ಜಗಲಿಯ ಮುಂದೆ ಸೇರಿದ್ದ ಕುಬಟೂರಿನವರು, ಒಬ್ಬೊಬ್ಬರಾಗಿ, ಗೌಡನ ಎದುರಿಗೇ ನಕ್ಕರು.